ಕೈಜಮ್ಮನ ಇಸಿಜಿ

2025 ಜನವರಿ 11, ಶನಿವಾರ. ಬೆಳಿಗ್ಗೆ 9.40ಕ್ಕೆ ಹೆದ್ದಾರಿ ಬದಿಯ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಎರಡು ಕಾಲಲ್ಲಿ ಎರಡು ಬಗೆಯ ಚಪ್ಪಲಿ ಇತ್ತು. ಬಾಗಿಲಲ್ಲಿದ್ದ ಪೊಲೀಸಿನವನು ಎಂತ ವಿಷಯ ಎಂದು ಕೇಳುವಷ್ಟರಲ್ಲಿ ಅವಳು ಇನ್‌ಸ್ಪೆಕ್ಟರ್ ಹರಿನಾಥರ ಮೇಜಿನ ಮುಂದೆ ನಿಂತಾಗಿತ್ತು.

ಹರಿನಾಥರು ಎಡನೀರಿನ ಕಡೆಯವರು, ವಯಸ್ಸು ನಲವತ್ತೆಂಟು. ಇಪ್ಪತ್ತನಾಲ್ಕು ವರ್ಷದ ಕೆಲಸದಲ್ಲಿ ಅವರು ಎಷ್ಟು ಪಳಗಿದ್ದರೆಂದರೆ, ಬಂದವರ ಮುಖ ನೋಡಿಯೇ ಇದು ಗಡಿ ತಕರಾರು, ಇದು ಗಂಡನ ಪೆಟ್ಟು ಎಂದು ಅರ್ಧ ಕತೆ ಹೇಳಿಬಿಡುತ್ತಿದ್ದರು. ಈ ಮುಖದಲ್ಲಿ ಮಾತ್ರ ಅವರಿಗೆ ಏನೂ ಸಿಗಲಿಲ್ಲ.

"ಕೂತುಕೊಳ್ಳಿ. ಹೆಸರು?"

"ಶಹಾನಾ. ಬಂದ್ಯೋಡು. ಕೂತುಕೊಳ್ಳಲಿಕ್ಕೆ ಸಮಯ ಇಲ್ಲ ಸಾರ್. ನನ್ನ ಉಮ್ಮ ಬೆಳಿಗ್ಗೆ ತೀರಿಹೋದ್ರು. ಹನ್ನೊಂದು ಗಂಟೆಗೆ ಪಳ್ಳಿಯ ಖಬರಸ್ತಾನಕ್ಕೆ ಕೊಂಡುಹೋಗಿ ದಫನ ಮಾಡ್ತಾರೆ. ಅದಕ್ಕೆ ಮೊದಲು ನೀವು ಮಯ್ಯತ್ತನ್ನು ಪೋಸ್ಟ್‌ಮಾರ್ಟಂಗೆ ಕಳಿಸ್ಬೇಕು."

"ಯಾರ ಮೇಲೆ ಸಂಶಯ?"

"ಈ ಕಾಗದದ ಮೇಲೆ."

ಮಡಚಿ ಮಡಚಿ ಮೆತ್ತಗಾಗಿದ್ದ ಒಂದು ವರದಿಯನ್ನು ಅವಳು ಮೇಜಿನ ಮೇಲೆ ಬಿಡಿಸಿಟ್ಟಳು. ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ ಈ ಕರಾವಳಿಯಲ್ಲಿ ಎಷ್ಟಿದೆ, ಅದನ್ನು ಬೇಗ ಪತ್ತೆ ಹಚ್ಚುವುದು ಹೇಗೆ ಎಂದು ತಿಳಿಯಲು ಹೊರಜಿಲ್ಲೆಯ ಒಂದು ಸಂಶೋಧನಾ ಸಂಸ್ಥೆ ಕಳೆದ ಜುಲೈಯಿಂದ ಊರೂರಲ್ಲಿ ಶಿಬಿರ ನಡೆಸುತ್ತಿತ್ತು. ರಕ್ತ, ಬಿಪಿ, ಇಸಿಜಿ ಎಲ್ಲ ಪುಕ್ಕಟೆ. ವರದಿಯ ಮೇಲೆ ನೀಲಿ ಬಣ್ಣದ ಮುದ್ರೆ; ಕೆಳಗೆ ಇಸಿಜಿಯ ಗೀಟುಗಳು. ಕೈಜಮ್ಮ, 54 ವರ್ಷ. ದಿನಾಂಕ 2024 ಅಕ್ಟೋಬರ್ 5. ಇಸಿಜಿ: ನಾರ್ಮಲ್.

"ಗುರುವಾರ ಎದೆ ಉರಿ ಅಂತ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಡಾಕ್ಟ್ರು ಇದನ್ನು ನೋಡಿ, ಹೃದಯ ಒಳ್ಳೇದುಂಟು, ಇದು ಗ್ಯಾಸ್ ಅಂತ ಮಾತ್ರೆ ಕೊಟ್ರು. ಇವತ್ತು ಸುಬಹಿ ನಮಾಜಿಗೆ ಎದ್ದವರು ಚಾಪೆಯ ಮೇಲೆಯೇ ಬಿದ್ರು. ಹೃದಯ ಒಳ್ಳೇದಿದ್ದವರು ಹೀಗೆ ಸಾಯ್ತಾರಾ ಸಾರ್?"

ಹರಿನಾಥರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಅದೇ ನೀಲಿ ಮುದ್ರೆಯ, ಅದೇ ನಾರ್ಮಲ್ ಎಂದು ಬರೆದ ಇನ್ನೊಂದು ಕಾಗದ ಅವರ ಮನೆಯ ಕಪಾಟಿನಲ್ಲಿತ್ತು. ಅದು ಅವರ ಹೆಂಡತಿ ವಾರಿಜಾಳದ್ದು. ಅವಳು ಬಾಯಾರಿನ ಶಾಲೆಯಲ್ಲಿ ಟೀಚರ್. ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಬೆನ್ನಿನ ನಡುವೆ ಹಿಡಿದ ಹಾಗಾಗುತ್ತದೆ ಎನ್ನುತ್ತಿದ್ದಳು. "ನಾರ್ಮಲ್ ಅಂತ ಬರೆದುಕೊಟ್ಟಿದ್ದಾರಲ್ಲ, ಸುಮ್ಮನೆ ಹೆದರಬೇಡ ಮಾರಾಯ್ತಿ" ಎಂದು ಮೊನ್ನೆಯಷ್ಟೇ ಇವರು ನಕ್ಕಿದ್ದರು.

ಠಾಣೆಯ ಬರಹಗಾರ ಸುಬ್ಬರಾಯ ದೂರನ್ನು ಬರೆದುಕೊಂಡ. 10.15ಕ್ಕೆ ಅಸಹಜ ಸಾವೆಂದು ಎಫ್ಐಆರ್ ದಾಖಲಾಯಿತು.

ಬಂದ್ಯೋಡಿನ ಮನೆಯಂಗಳದಲ್ಲಿ ಜನ ಸೇರಿದ್ದರು. ಪೊಲೀಸ್ ಜೀಪು ಕಂಡದ್ದೇ ಶಹಾನಾಳ ಅಣ್ಣ ನಿಸಾಮುದ್ದೀನ್ ಗೇಟಿಗೆ ಅಡ್ಡ ನಿಂತ.

"ತಂಗಿಗೆ ತಲೆ ಸರಿ ಇಲ್ಲ ಸಾರ್. ಸಾವು ಅಲ್ಲಾಹುವಿನ ತೀರ್ಮಾನ. ಉಮ್ಮನನ್ನು ಕೊಯ್ಯಲಿಕ್ಕೆ ನಾನು ಬಿಡುವುದಿಲ್ಲ."

"ಸಂಜೆಯ ಅಸರ್ ನಮಾಜಿಗೆ ಮೊದಲು ಇದೇ ಅಂಗಳಕ್ಕೆ ತಂದು ಒಪ್ಪಿಸ್ತೇನೆ. ನನ್ನ ಮಾತು."

"ಮಾತು ಯಾರಿಗೆ ಬೇಕು?"

ಜಗಲಿಯ ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ಮುದುಕ ಆಗ ತಲೆ ಎತ್ತಿದ. ಕೈಜಮ್ಮನ ಗಂಡ ಅದ್ರಾಮ.

"ಗುರುವಾರ ಅವಳನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋದದ್ದು ಶಹಾನಾ ಒಬ್ಬಳೇ. ನೀನೂ ಹೋಗ್ಲಿಲ್ಲ, ನಾನೂ ಹೋಗ್ಲಿಲ್ಲ. ಅವಳು ಹೇಳಿದ ಹಾಗೆ ಆಗ್ಲಿ."

ಮಗ ಗೇಟಿನಿಂದ ಸರಿದ. ಇನ್‌ಕ್ವೆಸ್ಟ್ ಪಂಚನಾಮೆ ಮುಗಿಸಿ ದೇಹವನ್ನು ಆಂಬುಲೆನ್ಸಿಗೆ ಏರಿಸುವಾಗ ಗಂಟೆ 11.25.

ಮಧ್ಯಾಹ್ನ 2.10ಕ್ಕೆ ಪೊಲೀಸ್ ಸರ್ಜನ್ ಡಾ. ಈಶ್ವರಪ್ರಸಾದ ಕೈಗವಸು ಕಳಚುತ್ತಾ ಶವಾಗಾರದ ಹೊರಗೆ ಬಂದರು.

"ಎಡಗಡೆಯ ದೊಡ್ಡ ರಕ್ತನಾಳ ನೂರಕ್ಕೆ ತೊಂಬತ್ತೈದು ಪಾಲು ಕಟ್ಟಿದೆ. ಇವತ್ತಿನ ಸಾವಿಗೆ ಅದೇ ಕಾರಣ. ಆದರೆ ವಿಷಯ ಅಷ್ಟೇ ಅಲ್ಲ ಹರಿನಾಥರೇ. ಹೃದಯದ ಮುಂಭಾಗದಲ್ಲಿ ಅಂಗೈಯ ಅರ್ಧದಷ್ಟು ಹಳೇ ಕಲೆ ಉಂಟು. ಇವರಿಗೆ ಮೊದಲೊಮ್ಮೆ ದೊಡ್ಡ ಹೃದಯಾಘಾತ ಆಗಿದೆ. ತಿಂಗಳುಗಟ್ಟಲೆ ಹಿಂದೆ."

ಹೊರಗೆ ನಿಂತಿದ್ದ ಶಹಾನಾಳಿಗೆ ಇದನ್ನು ಹೇಳಿದಾಗ ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. "ಕಳೆದ ನೋಂಬಿನಲ್ಲಿ, ಮಾರ್ಚ್‌ನಲ್ಲಿ, ಉಮ್ಮ ಒಂದು ದಿನ ಇಡೀ ಬೆವರಿ ಒದ್ದೆಯಾಗಿ ಮಲಗಿದ್ರು. ಉಪವಾಸದ ಗ್ಯಾಸ್ ಅಂತ ನಾವು ಶುಂಠಿ ಕಷಾಯ ಕೊಟ್ಟೆವು."

ಡಾಕ್ಟರು ಅಕ್ಟೋಬರ್ 5ರ ಇಸಿಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ಹೆಸರು ಓದಿದರು. ಮತ್ತೆ ನೋಡಿದರು.

"ಇಷ್ಟು ದೊಡ್ಡ ಕಲೆ ಇದ್ದ ಹೃದಯದಿಂದ ಇಷ್ಟು ಚೆಂದದ ಇಸಿಜಿ ಬರಲಿಕ್ಕೆ ಸಾಧ್ಯವೇ ಇಲ್ಲ. ಇದು ಬೇರೆ ಯಾರದ್ದೋ."

ಕೈಜಮ್ಮನನ್ನು 3.30ಕ್ಕೆ ಮನೆಯಂಗಳಕ್ಕೆ ಒಪ್ಪಿಸಿ ಜೀಪಿಗೆ ಬಂದ ಹರಿನಾಥರು ಮೊದಲು ಮಾಡಿದ ಕೆಲಸ ಹೆಂಡತಿಗೆ ಫೋನು.

"ವಾರಿಜಾ, ಶಾಲೆಯ ಶಿಬಿರದಲ್ಲಿ ನಿನಗೆ ಇಸಿಜಿ ತೆಗೆದಿದ್ದಾರಲ್ಲ?"

ಒಂದು ಕ್ಷಣ ಸದ್ದಿರಲಿಲ್ಲ. "ಹಾಂ, ತೆಗೆದಿದ್ದಾರೆ. ಎಂತಕ್ಕೆ?"

"ಸುಮ್ಮನೆ."

ಸಮಾಧಾನವಾಯಿತು. ಎದುರಿಗೆ ಕುಳಿತ ಕಳ್ಳ ಅಷ್ಟೇ ತಡೆದು ಉತ್ತರ ಕೊಟ್ಟಿದ್ದರೆ ಇದೇ ಹರಿನಾಥರು ಅಲ್ಲಿಯೇ ಹಿಡಿದುಬಿಡುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಜನವರಿ 12, ಆದಿತ್ಯವಾರ. ಕೈಜಮ್ಮನ ಜೊತೆಗೆ ಅದೇ ದಿನ ಶಿಬಿರಕ್ಕೆ ಹೋಗಿದ್ದ ಆರು ಹೆಂಗಸರ ಹೆಸರನ್ನು ಶಹಾನಾ ಬರೆದುಕೊಟ್ಟಿದ್ದಳು. ಅವರ ಮನೆಗಳಿಗೆ ಮಹಿಳಾ ಪೊಲೀಸ್ ಸಫ್ನಾಳನ್ನು ಕಳಿಸಲಾಯಿತು. ಸಫ್ನಾ ಅದೇ ಕರಾವಳಿಯ ಹುಡುಗಿ; ಬ್ಯಾರಿ, ತುಳು, ಕನ್ನಡ, ಮಲಯಾಳ ನಾಲ್ಕರಲ್ಲೂ ಜಗಳ ಬಿಡಿಸಬಲ್ಲವಳು. ಸಂಜೆ ನಾಲ್ಕಕ್ಕೆ ಅವಳು ಮುಖ ಸಪ್ಪೆ ಮಾಡಿಕೊಂಡು ವಾಪಸು ಬಂದಳು.

"ಆರು ಜನವೂ ಯಂತ್ರ ಇಟ್ಟಿದ್ದಾರೆ ಅಂತಲೇ ಹೇಳ್ತಾರೆ ಸಾರ್. ಆಮೇಲೆ ನಾನು ಬೇರೆ ದಾರಿಯಲ್ಲಿ ಕೇಳಿದೆ. ಎಷ್ಟು ವಯರ್ ಇತ್ತು ಅಕ್ಕಾ? ಒಬ್ಬರು ಹೇಳಿದ್ರು ಒಂದು. ಇನ್ನೊಬ್ಬರು ಎರಡು. ಎಲ್ಲಿಗೆ ಇಟ್ಟರು ಅಂದರೆ ತೋಳಿಗೆ ಅಂತಾರೆ. ಅದು ಬಿಪಿ ನೋಡುವುದು."

"ಇಸಿಜಿಗೆ?"

"ಹತ್ತು ವಯರ್. ಎದೆಗೇ ಆರು. ಬಟ್ಟೆ ಬಿಚ್ಚದೆ ಆಗುವುದಿಲ್ಲ. ತಣ್ಣಗಿನ ಜೆಲ್ ಹಚ್ತಾರೆ, ಯಾರೂ ಮರೆಯುವುದಿಲ್ಲ."

"ಹಾಗಾದರೆ ಸುಳ್ಳು ಯಾಕೆ ಹೇಳ್ತಾರೆ?"

"ಪಕ್ಕದಲ್ಲಿ ಗಂಡ ನಿಂತಿದ್ದ, ಅತ್ತೆ ನಿಂತಿದ್ರು. ಏನನ್ನೋ ಮುಚ್ಚಿಡ್ತಾರೆ ಸಾರ್. ಹೆದರಿದ್ದಾರೆ."

ಆ ಸಂಜೆ ಮನೆಯಲ್ಲಿ ವಾರಿಜಾ ಚಹಾ ತಂದುಕೊಟ್ಟಳು. ಎಷ್ಟು ವಯರ್ ಇತ್ತು ಎಂದು ಕೇಳುವುದು ಹರಿನಾಥರ ನಾಲಗೆಯ ತುದಿಯವರೆಗೆ ಬಂತು. ಕೇಳಲಿಲ್ಲ. ಓದಿದವಳು, ಟೀಚರ್, ಅವಳು ಹಾಗೆಲ್ಲ ಮಾಡುವವಳಲ್ಲ ಎಂದುಕೊಂಡರು. ನಿಜ ಹೇಳಬೇಕೆಂದರೆ ಅವರು ಹೆದರಿದ್ದರು. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ.

ಜನವರಿ 13, ಸೋಮವಾರ, ಬೆಳಿಗ್ಗೆ 11 ಗಂಟೆ. ಅಧ್ಯಯನದ ಕಚೇರಿ ಕಾಸರಗೋಡು ಪೇಟೆಯ ಒಂದು ಮಾಳಿಗೆಯಲ್ಲಿತ್ತು. ಅದರ ಸಂಯೋಜಕ ವಿಘ್ನೇಶ, ಇಸ್ತ್ರಿ ಮುರಿಯದ ಅಂಗಿಯ ಯುವಕ, ಬಾಗಿಲಲ್ಲಿಯೇ ತಡೆದ.

"ಸಾರ್, ಇದು ಸಂಶೋಧನೆಯ ಡೇಟಾ. ಗೌಪ್ಯ. ಸಮಿತಿಯ ಅನುಮತಿ ಇಲ್ಲದೆ ಕೊಡಲಿಕ್ಕಾಗುವುದಿಲ್ಲ."

"ಒಬ್ಬರು ಸತ್ತಿದ್ದಾರೆ. ನಿಮ್ಮ ಸಮಿತಿ ಸೇರುವಷ್ಟರಲ್ಲಿ ಇನ್ನೊಬ್ಬರು ಸತ್ತರೆ ಉತ್ತರ ಯಾರು ಕೊಡುವುದು, ನೀವಾ?"

ವಿಘ್ನೇಶನ ಅಂಗಿಗೆ ಆಗ ಸುಕ್ಕು ಬಿತ್ತು. ಕೀ ಕೊಟ್ಟ. 318 ಹೆಂಗಸರ ಇಸಿಜಿ ಕಾಗದಗಳನ್ನು, ಒಂದು ಯಂತ್ರವನ್ನು ಇಬ್ಬರು ಪಂಚರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು. ಸುಬ್ಬರಾಯ ಪಂಚನಾಮೆ ಬರೆಯುತ್ತಿರುವಾಗ ಹರಿನಾಥರು ಕಾಗದಗಳ ಮೇಲೆ ಯಂತ್ರವೇ ಅಚ್ಚು ಹಾಕಿದ್ದ ಸಮಯವನ್ನು ನೋಡುತ್ತಾ ಹೋದರು. ಹೃದಯದ ಗೀಟು ಅವರಿಗೆ ಅರ್ಥವಾಗುವುದಿಲ್ಲ, ಗಡಿಯಾರ ಅರ್ಥವಾಗುತ್ತದೆ.

ಹೆಂಗಸರ ಕಡೆಯ ಟೆಕ್ನಿಶಿಯನ್ ನಮಿತಾಳನ್ನು ಒಳಗೆ ಕರೆಸಿದರು. ಮೂವತ್ತಮೂರು ವರ್ಷ, ಕುಂಬಳೆಯ ಬದಿಯವಳು. ಕೈಚೀಲವನ್ನು ಮಡಿಲಲ್ಲಿಟ್ಟು ಎರಡು ಕೈಯಿಂದಲೂ ಹಿಡಿದುಕೊಂಡಿದ್ದಳು.

"ಹೆಂಗಸರ ಇಸಿಜಿ ತೆಗೆಯುವುದು ನೀವೊಬ್ಬರೇ?"

"ಹೌದು. ಗಂಡಸರದ್ದು ಸುಧೀರ್."

"ಒಬ್ಬರಿಗೆ ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ ಆಗ್ತದೆ."

"ಅಕ್ಟೋಬರ್ 5, ಬಂದ್ಯೋಡು. 11.02, 11.04, 11.06, 11.07. ಐದು ನಿಮಿಷದಲ್ಲಿ ನಾಲ್ಕು ಹೆಂಗಸರು. ಹೇಗೆ?"

"ಯಂತ್ರದ ಗಡಿಯಾರ ಸರಿ ಇರ್ಲಿಕ್ಕಿಲ್ಲ."

"ಕೈಜಮ್ಮ ಗೊತ್ತುಂಟಾ?"

"ಸುಮಾರು ಜನ ಬರ್ತಾರೆ ಸಾರ್. ನೆನಪಿಲ್ಲ."

ನೆನಪಿಲ್ಲ ಎಂದವಳ ಬೆರಳುಗಳು ಚೀಲದ ಪಟ್ಟಿಗೆ ಇನ್ನೊಂದು ಸುತ್ತು ಹಾಕಿಕೊಂಡವು. ಊರು ಬಿಟ್ಟು ಹೋಗಬಾರದು ಎಂದು ನೋಟಿಸು ಕೊಟ್ಟು ಹರಿನಾಥರು ಎದ್ದರು.

ಸಂಜೆ 4.20ಕ್ಕೆ ಡಾ. ಈಶ್ವರಪ್ರಸಾದರು ಠಾಣೆಗೇ ಬಂದರು. ಉದ್ದನೆಯ ಮೇಜಿನ ಮೇಲೆ ಕಾಗದಗಳನ್ನು ಹರಡಿದ್ದಾಯಿತು. ಡಾಕ್ಟರು ಕನ್ನಡಕ ಹಣೆಗೆ ಏರಿಸಿ, ಒಂದೊಂದನ್ನೇ ಎತ್ತಿ ಎಡಕ್ಕೆ, ಬಲಕ್ಕೆ ಹಾಕತೊಡಗಿದರು. ಎಡಗಡೆಯ ರಾಶಿ ಬೆಳೆಯುತ್ತಲೇ ಹೋಯಿತು.

"ಇಲ್ಲಿ ನೋಡಿ" ಎಂದರು ಕೊನೆಗೆ. "ಈ ಗೀಟು ಮೇಲೆ ಹೋಗಿ ಇಳಿಯುವಲ್ಲಿ ಒಂದು ಸಣ್ಣ ಕೊಂಬು ಉಂಟಲ್ಲ? ಅಪಾಯದ್ದಲ್ಲ, ಕೆಲವರಿಗೆ ಹುಟ್ಟಿದಾಗಿನಿಂದ ಇರ್ತದೆ. ಆದರೆ ಎಡಗಡೆಯ ರಾಶಿಯಲ್ಲಿ ಎಲ್ಲರಿಗೂ ಅದೇ ಕೊಂಬು, ಅದೇ ಎತ್ತರ, ಅದೇ ಅಗಲ. ಎಂಬತ್ತೇಳು ಹೆಸರು ಉಂಟು ಮಾರಾಯ್ರೆ, ಹೃದಯ ಒಂದೇ."

"ಯಾರದ್ದು ಅಂತ ಹೇಳಬಹುದಾ?"

"ಕಾಗದ ನೋಡಿ ಹೇಳಲಿಕ್ಕಾಗುವುದಿಲ್ಲ. ಆ ಮನುಷ್ಯರನ್ನು ಮಲಗಿಸಿ ಇನ್ನೊಮ್ಮೆ ತೆಗೆದರೆ ಗುರುತು ಹಿಡಿಯಬಹುದು. ಅದು ಆಮೇಲೆ ಆಗ್ಲಿ. ಮೊದಲು ಈ ಎಂಬತ್ತೇಳು ಜನ. ಇವರ ಹೃದಯವನ್ನು ಯಾರೂ ನೋಡಲೇ ಇಲ್ಲ. ಆದರೆ ಎಲ್ಲರ ಕೈಯಲ್ಲೂ ನಾರ್ಮಲ್ ಅಂತ ಕಾಗದ ಉಂಟು. ಎದೆನೋವು ಬಂದರೂ ಇವರು ಆಸ್ಪತ್ರೆಗೆ ಹೋಗುವುದಿಲ್ಲ."

ಹರಿನಾಥರ ಕೈ ತಾನಾಗಿಯೇ ಎಡಗಡೆಯ ರಾಶಿಗೆ ಹೋಯಿತು. ಅಕ್ಟೋಬರ್ ದಾಟಿತು. ನವೆಂಬರ್ ಎರಡು, ನವೆಂಬರ್ ಒಂಬತ್ತು. ಬಾಯಾರು. ಒಂದು, ಎರಡು, ಮೂರನೆಯ ಕಾಗದ. ವಾರಿಜಾ ಹೆಚ್., 44 ವರ್ಷ. ಗೀಟಿನ ಮೇಲೆ ಸಣ್ಣ ಕೊಂಬು.

ಫೋನು ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ಎತ್ತುವವರಿಲ್ಲ. ಗಂಟೆ 5.35. ಶಾಲೆ ಬಿಟ್ಟು ಎಷ್ಟೋ ಹೊತ್ತಾಗಿತ್ತು.

ಜೀಪಿನ ಕೀ ಕೈಗೆ ತೆಗೆದುಕೊಳ್ಳುವಾಗಲೇ, ಪಟ್ಟಿ ಹಿಡಿದು ಒಬ್ಬೊಬ್ಬರಿಗೆ ಫೋನು ಮಾಡುತ್ತಿದ್ದ ಸಫ್ನಾ ಕೂಗಿದಳು.

"ಸಾರ್! ಬಾಯಾರಿನ ಕಿನ್ನಿ ಅಂತ, ಬೀಡಿ ಕಟ್ಟುವವರು. ಈಗಷ್ಟೇ ಎದೆನೋವು ಅಂತ ಆಸ್ಪತ್ರೆಗೆ ಕೊಂಡುಹೋಗಿದ್ದಾರಂತೆ. ಆ ವರದಿ ಹಿಡ್ಕೊಂಡೇ ಹೋಗಿದ್ದಾರೆ!"

ಮನೆಯ ದಾರಿ ಹಿಡಿದಿದ್ದ ಕಾಲು ಅಲ್ಲಿಯೇ ನಿಂತಿತು. ಅವರ ಜೀವ ಒಂದು ಕಡೆ ಎಳೆಯಿತು, ಖಾಕಿ ಇನ್ನೊಂದು ಕಡೆ. ಆಸ್ಪತ್ರೆಯ ತುರ್ತು ವಿಭಾಗದ ಫೋನು ಮೂರನೆಯ ಪ್ರಯತ್ನಕ್ಕೆ ಸಿಕ್ಕಿತು; ಎತ್ತಿದ್ದು ಡಾಕ್ಟರೇ.

"ಕಿನ್ನಿ ಅಂತ ಒಬ್ಬರು ಬಂದಿದ್ದಾರಾ?"

"ಹೌದು, ಗ್ಯಾಸ್ ತೊಂದರೆ. ಇಸಿಜಿ ಮೊದಲೇ ತೆಗೆದದ್ದುಂಟು, ನಾರ್ಮಲ್. ಇಂಜೆಕ್ಷನ್ ಕೊಟ್ಟು ಕಳಿಸ್ತಾ ಇದ್ದೇವೆ."

"ಕಳಿಸಬೇಡಿ! ಇನ್‌ಸ್ಪೆಕ್ಟರ್ ಹರಿನಾಥ ಮಾತಾಡುವುದು. ಆ ಕಾಗದ ಸುಳ್ಳು. ಹೊಸದಾಗಿ ಇಸಿಜಿ ತೆಗೆಯಿರಿ. ಈಗಲೇ. ನಾನು ಫೋನು ಇಡುವುದಿಲ್ಲ."

ಆ ಕಡೆ ಚಪ್ಪಲಿಯ ಸದ್ದು, ಯಾರೋ ತುಳುವಿನಲ್ಲಿ ಅಳುವುದು, ಪರದೆ ಎಳೆಯುವುದು. ಆರು ನಿಮಿಷ. ಸಫ್ನಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸುತ್ತಿದ್ದಳು. ಕೊನೆಗೆ ಅದೇ ಡಾಕ್ಟರ ಸ್ವರ ಬಂತು, ಈ ಸಲ ಗಾಬರಿಯಲ್ಲಿ.

"ಸಾರ್, ದೊಡ್ಡ ಅಟ್ಯಾಕ್ ಆಗ್ತಾ ಉಂಟು. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸ್ತೇವೆ. ಮನೆಗೆ ಹೋಗಿದ್ದರೆ..."

ಹರಿನಾಥರು ಮನೆ ತಲುಪುವಾಗ 6.40. ವಾರಿಜಾ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಫೋನು ಶಾಲೆಯ ಚೀಲದೊಳಗೆ ಮೌನವಾಗಿ ಬಿದ್ದಿತ್ತು. ಅವಳು ಬದುಕಿದ್ದಾಳೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಅವರು ಟೋಪಿ ತೆಗೆದರು. ಖಾಕಿಯಲ್ಲಿಯೇ ಮಣೆ ಎಳೆದು ಅವಳ ಎದುರು ಕುಳಿತರು.

"ಎಂತ ಆಯ್ತು ನಿಮಗೆ?"

"ಎಷ್ಟು ವಯರ್ ಇತ್ತು ವಾರಿಜಾ?"

ಅವಳು ತುರಿಮಣೆಯಿಂದ ಕೈ ತೆಗೆದಳು. ತಲೆ ಕೆಳಗೆ ಹಾಕಿದಳು.

"ಎಂಟನೇ ಕ್ಲಾಸಿನ ಕೋಣೆ. ಕಿಟಕಿಗೆ ಪರದೆ ಇರ್ಲಿಲ್ಲ. ಹೊರಗೆ ಗಂಡಸರು ಸಾಲಾಗಿ ನಿಂತಿದ್ರು, ನಮ್ಮ ಹೆಡ್‌ಮಾಷ್ಟ್ರು ಸಹ. ಅವರ ಮುಂದೆಯೇ ನಾಳೆ ಕೆಲಸ ಮಾಡ್ಬೇಕಲ್ಲ? ನನ್ನಿಂದ ಆಗುವುದಿಲ್ಲ ಅಂದೆ. ಆ ಹುಡುಗಿ ಪಾಪ, ಪರವಾಗಿಲ್ಲ ಟೀಚರ್, ರಕ್ತ ಮಾತ್ರ ಕೊಡಿ ಅಂದಳು. ವರದಿ ಬಂದಾಗ ನಾರ್ಮಲ್ ಅಂತ ಇತ್ತು. ಆ ಗೀಟು ಸಹ ರಕ್ತದಿಂದಲೇ ಬರ್ತದೆ ಅಂತ ತಿಳ್ಕೊಂಡೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಬೈತೀರಿ ಅಂತ. ಮೊನ್ನೆ ಫೋನಿನಲ್ಲಿ ಪೊಲೀಸ್ ಸ್ವರದಲ್ಲಿ ಕೇಳಿದ್ರಲ್ಲ."

ಅವರಿಗೆ ಸಿಟ್ಟು ಬರಲಿಲ್ಲ. ಭಯ ಮಾತ್ರ ಇತ್ತು. ತುರಿದ ಕಾಯಿ ಹಾಗೆಯೇ ಉಳಿಯಿತು. ಏಳೂ ಕಾಲಿಗೆ ಕಾರು ಮಂಗಳೂರಿನ ದಾರಿ ಹಿಡಿದಿತ್ತು. ದಾರಿಯಲ್ಲಿ ಡಿವೈಎಸ್ಪಿಗೆ ಫೋನು ಮಾಡಿ ವಿಷಯ ತಿಳಿಸಿದರು: ಪ್ರಕರಣದಲ್ಲಿ ತನ್ನ ಹೆಂಡತಿಯ ಹೆಸರೂ ಇದೆ. ಬುಧವಾರದಿಂದ ತನಿಖೆ ಇನ್ನೊಬ್ಬರಿಗೆ ಹೋಗಲಿ, ನಾಳೆಯ ಕೆಲಸ ಮುಗಿಸಿಬಿಡಿ ಎಂದು ಡಿವೈಎಸ್ಪಿ ಹೇಳಿದರು.

ಜನವರಿ 14, ಮಂಗಳವಾರ. ಬೆಳಿಗ್ಗೆ 8.30ಕ್ಕೆ ಆಂಜಿಯೋಗ್ರಾಂ. ಪರದೆಯ ಮೇಲೆ ವಾರಿಜಾಳ ರಕ್ತನಾಳ ಒಂದು ಕಡೆ ನೂಲಿನಷ್ಟು ಸಣ್ಣಗಾಗಿ ಮತ್ತೆ ದಪ್ಪವಾಗುತ್ತಿತ್ತು. ನೂರಕ್ಕೆ ತೊಂಬತ್ತು ಎಂದರು ವೈದ್ಯರು. ಅಲ್ಲಿಯೇ ಸ್ಟೆಂಟ್ ಹಾಕಿದರು. "ಒಳ್ಳೇ ಸಮಯಕ್ಕೆ ತಂದ್ರಿ. ಹೆಚ್ಚೆಂದರೆ ಒಂದು ತಿಂಗಳು ತಡೆಯುತ್ತಿತ್ತೋ ಏನೋ." ಅವಳನ್ನು ಭಾವನ ಸುಪರ್ದಿಗೆ ಬಿಟ್ಟು ಹರಿನಾಥರು ಮಧ್ಯಾಹ್ನ 2.50ಕ್ಕೆ ಠಾಣೆಗೆ ಮರಳಿದರು.

ಸಫ್ನಾ ನಮಿತಾಳನ್ನು ಕರೆತಂದು ಕೂರಿಸಿದ್ದಳು. ಪಕ್ಕದ ಕೋಣೆಯಲ್ಲಿ ಬೆಂಚು, ಇಸಿಜಿ ಯಂತ್ರ, ಡಾ. ಈಶ್ವರಪ್ರಸಾದ. ಬೆಳಿಗ್ಗೆ ಸುಧೀರನಿಗೆ ಪರೀಕ್ಷೆ ಮಾಡಿಯಾಗಿತ್ತು. ಅವನ ಗೀಟಿನಲ್ಲಿ ಕೊಂಬು ಇರಲಿಲ್ಲ.

"ನಿಮ್ಮ ಇಸಿಜಿ ತೆಗೆಯಬೇಕು. ಒಪ್ಪಿಗೆ ಉಂಟಾ?"

ಅವಳು ಕೈಚೀಲವನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡಳು.

"ನಿನ್ನೆ ಸಂಜೆ ಬಾಯಾರಿನ ಕಿನ್ನಿಗೆ ಹೃದಯಾಘಾತ ಆಯ್ತು. ನೀವು ಕೊಟ್ಟ ಕಾಗದ ನೋಡಿ ಗ್ಯಾಸ್ ಅಂತ ಮನೆಗೆ ಕಳಿಸ್ತಾ ಇದ್ರು."

ನಮಿತಾ ತಟ್ಟನೆ ತಲೆ ಎತ್ತಿದಳು. "ಬದುಕಿದ್ದಾರಾ?"

"ಬದುಕಿದ್ದಾರೆ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಫ್ನಾ ನೀರು ಕೊಟ್ಟಳು. ಕುಡಿಯಲಿಲ್ಲ.

"ಯಂತ್ರ ಬೇಡ ಸಾರ್. ಅದು ನನ್ನದೇ. ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಕಾಣದ ಹಾಗೆ ನೆಲದಲ್ಲಿ ನಾನೇ ಮಲಗಿ ನನಗೇ ಇಟ್ಟುಕೊಳ್ತಿದ್ದೆ. ಹೆಸರು ಬದಲಿಸುವುದು, ಒತ್ತುವುದು."

ಆದರೂ ಕ್ರಮದಂತೆ ಒಪ್ಪಿಗೆ ಪಡೆದು, ಸಫ್ನಾಳ ಸಮ್ಮುಖದಲ್ಲಿ ಪರೀಕ್ಷೆ ನಡೆಯಿತು. ಯಂತ್ರದಿಂದ ಹೊರಬಂದ ಕಾಗದವನ್ನು ಡಾಕ್ಟರು ಕೈಜಮ್ಮನ ಕಾಗದದ ಮೇಲೆ ಇಟ್ಟು ಬೆಳಕಿಗೆ ಹಿಡಿದರು. ಒಂದರ ಮೇಲೊಂದು ಸರಿಯಾಗಿ ಕೂತಿತು. ಸಂಜೆ 4.10ಕ್ಕೆ, ಸೂರ್ಯಾಸ್ತಕ್ಕೆ ಮೊದಲು, ಮಹಿಳಾ ಪೊಲೀಸರ ಹಾಜರಿಯಲ್ಲಿ ನಮಿತಾಳ ಬಂಧನ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು, ಸುಳ್ಳು ದಾಖಲೆ ಸೃಷ್ಟಿ.

"ಯಾಕೆ ಮಾಡಿದಿರಿ?"

ಅವಳು ನಿಧಾನಕ್ಕೆ ಹೇಳಿದಳು. ಅವಳ ತಾಯಿ ಅಕ್ಕು ನಲವತ್ತೊಂಬತ್ತಕ್ಕೆ ಸತ್ತದ್ದು. ಮೂರು ಸಲ ಡಾಕ್ಟರ ಹತ್ತಿರ ಹೋಗಿ ಮೂರು ಸಲ ಗ್ಯಾಸಿನ ಮಾತ್ರೆ ತಂದಿದ್ದರು. ಗಂಡಸಾಗಿದ್ದರೆ ಮೊದಲ ಸಲವೇ ಇಸಿಜಿ ತೆಗೆಯುತ್ತಿದ್ದರು ಎಂದು ಅಪ್ಪ ಲೋಕಯ್ಯ ಇಂದಿಗೂ ಹೇಳುತ್ತಾರೆ. ಹೆಂಗಸರ ಹೃದಯದ ಬಗ್ಗೆಯೂ ಅಧ್ಯಯನ ಎಂದು ಕೇಳಿ ಅವಳು ಈ ಕೆಲಸಕ್ಕೆ ಸೇರಿದಳು. ಆದರೆ ಶಿಬಿರಕ್ಕೆ ಬಂದ ಹೆಂಗಸರು ಎದೆ ತೆರೆಯಲು ಒಪ್ಪುತ್ತಿರಲಿಲ್ಲ. ಪರದೆ ಕೊಡಿ, ಬೇರೆ ಕೋಣೆ ಕೊಡಿ ಎಂದು ಮೂರು ಸಲ ವಿಘ್ನೇಶನಿಗೆ ಬರೆದಳು. ಅವನು, ಇಸಿಜಿ ಇಲ್ಲದ ಹೆಂಗಸರನ್ನು ಪಟ್ಟಿಯಿಂದ ಬಿಟ್ಟುಬಿಡಿ, ಈ ಪಂಚಾಯತುಗಳಲ್ಲಿ ಗಂಡಸರ ಡೇಟಾ ಸಾಕು ಎಂದ. ಪಟ್ಟಿಯಿಂದ ಬಿಟ್ಟರೆ ರಕ್ತವನ್ನೂ ಪರೀಕ್ಷಿಸುವುದಿಲ್ಲ.

"ರಕ್ತವಾದರೂ ನೋಡ್ಲಿ ಅಂತ ಮಾಡಿದೆ ಸಾರ್. ಹನ್ನೊಂದು ಜನರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಹಾಗೆ ಗೊತ್ತಾಯ್ತು. ವರದಿಯಲ್ಲಿ ನಾರ್ಮಲ್ ಅಂತ ಅಚ್ಚಾಗಿ ಅವರ ಮನೆಗೇ ಹೋಗ್ತದೆ ಅಂತ ನನಗೆ ಆಗ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೆ ನಿದ್ದೆ ಬರ್ಲಿಲ್ಲ. ರಕ್ತ ಪರೀಕ್ಷೆ ತಪ್ಪಿಹೋಗ್ತದೆ ಅಂತ ನಿಲ್ಲಿಸ್ಲಿಕ್ಕೂ ಆಗ್ಲಿಲ್ಲ."

"ಗೊತ್ತಾದ ಮೇಲೂ ಹೇಳಲಿಲ್ಲ."

"ಜೈಲಿನ ಹೆದರಿಕೆ. ಮತ್ತೆ, ಒಬ್ಬೊಬ್ಬರೂ ನನ್ನ ಕೈ ಹಿಡಿದು ಮನೆಯವರಿಗೆ ಗೊತ್ತಾಗಬಾರದು ಅಂದಿದ್ರು. ಅದಕ್ಕೆ..." ಅವಳು ಕೈಚೀಲ ತೆರೆದು ಒಂದು ನೋಟುಪುಸ್ತಕವನ್ನು ಮೇಜಿಗೆ ತಳ್ಳಿದಳು. ಒಳಗೆ ಎಂಬತ್ತೇಳು ಹೆಸರು, ಕ್ರಮಸಂಖ್ಯೆ ಹಾಕಿ. "ಆದಿತ್ಯವಾರ ಕಚೇರಿಗೆ ತಿಳಿಯದ ಹಾಗೆ ಯಂತ್ರ ಕೊಂಡುಹೋಗಿ ಅವರವರ ಮನೆಯಲ್ಲಿಯೇ, ಕೋಣೆಯ ಬಾಗಿಲು ಹಾಕಿ ಸರಿಯಾಗಿ ತೆಗೀತಿದ್ದೆ. ವಾರಕ್ಕೆ ಇಬ್ಬರದ್ದು. ಇಪ್ಪತ್ತಮೂರು ಆಗಿದೆ. ಇಬ್ಬರಿಗೆ ತೊಂದರೆ ಇತ್ತು, ಆಸ್ಪತ್ರೆಗೆ ಕಳಿಸಿದೆ."

ಇಪ್ಪತ್ತಮೂರು ಹೆಸರಿನ ಮುಂದೆ ಕೆಂಪು ಶಾಯಿಯ ಗುರುತಿತ್ತು. ಇಪ್ಪತ್ತನಾಲ್ಕನೆಯದು ಕೈಜಮ್ಮ.

"ಜನವರಿ ಐದಕ್ಕೆ ಹೋಗಿದ್ದೆ ಸಾರ್. ಮನೆಯಲ್ಲಿ ನೆಂಟರಿದ್ರು. ಇಂದು ಬೇಡ ಮಗಳೇ, ಬರುವ ಆದಿತ್ಯವಾರ ಬಾ ಅಂತ ಹೇಳಿ ಚಹಾ ಕುಡಿಸಿ ಕಳಿಸಿದ್ರು." ಅವಳು ಇಷ್ಟರವರೆಗೆ ಅತ್ತಿರಲಿಲ್ಲ. ಈಗ ಅತ್ತಳು.

ಮುಂದಿನ ಎರಡು ವಾರಗಳಲ್ಲಿ ಉಳಿದ ಹೆಂಗಸರನ್ನೆಲ್ಲ, ಪರದೆ ಕಟ್ಟಿದ ಕೋಣೆಯಲ್ಲಿ, ಸಫ್ನಾಳನ್ನು ಬಾಗಿಲಿಗೆ ನಿಲ್ಲಿಸಿ ಪರೀಕ್ಷಿಸಲಾಯಿತು. ಇನ್ನೂ ಐವರ ರಕ್ತನಾಳಗಳಲ್ಲಿ ತಡೆ ಸಿಕ್ಕಿತು. ವಿಘ್ನೇಶನ ಮೇಲೆಯೂ, ಗುರುವಾರದ ಕ್ಲಿನಿಕ್ಕಿನ ಮೇಲೆಯೂ ವಿಚಾರಣೆ ಶುರುವಾಯಿತು. ಹರಿನಾಥರು ಮಾತ್ರ ಆ ಮಂಗಳವಾರ ಸಂಜೆ ಕಡತವನ್ನು ಹಸ್ತಾಂತರಕ್ಕೆ ಕಟ್ಟುವ ಮೊದಲು ಪುಸ್ತಕವನ್ನು ಇನ್ನೊಮ್ಮೆ ತೆರೆದರು. ಅರವತ್ತೊಂದನೆಯ ಹೆಸರು ವಾರಿಜಾ. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಜನವರಿ 12ರಿಂದ ಆದಿತ್ಯವಾರಕ್ಕೆ ಇಬ್ಬರಂತೆ ಬೆರಳಿಟ್ಟು ಎಣಿಸುತ್ತಾ ಹೋದರು. ಹಾಳೆಗಳು ಮಗುಚಿದವು. ಫೆಬ್ರವರಿ, ಮಾರ್ಚ್, ಎಪ್ರಿಲ್.

ನಮಿತಾ ಅವರ ಮನೆಯ ಬಾಗಿಲು ತಟ್ಟಬೇಕಿದ್ದದ್ದು ಮೇ 18ಕ್ಕೆ.